ವೇರೂಳಿನ ಗೋಧಡಿ, ಇಳಕಲ್ಲಿನ ಸೆರಗು

ಇಳಕಲ್ ಸೀರೆ ಹುಟ್ಟುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಅದರ ಬಾಳಿನ ಬಹುಪಾಲು ಮಾತ್ರ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಕಳೆಯುತ್ತದೆ. ಅಲ್ಲಿಯ ಹಿರಿಯ ಹೆಂಗಸರು ‘ಇರಕಲ್ ಲುಗಡೆ’ ಎಂದು ಅದನ್ನು ಹೆಸರು ಹಿಡಿದು ಕೇಳಿ ಕೊಳ್ಳುತ್ತಾರೆ, ಹೊಲಕ್ಕೂ ಸಂತೆಗೂ ಪಂಢರಾಪುರದ ವಾರಿಗೂ ಉಟ್ಟುಕೊಂಡು ಹೋಗುತ್ತಾರೆ. ಗುಳೇದಗುಡ್ಡದ ಖಣದ ಕಥೆಯೂ ಇದೇ. ನೇಯುವವರು ನಮ್ಮವರು, ತೊಡುವವರಲ್ಲಿ ಹೆಚ್ಚಿನವರು ಗಡಿಯಾಚೆಯವರು. ಇಷ್ಟನ್ನು ನಾನು ಸಣ್ಣವಳಿದ್ದಾಗಿನಿಂದ ಬಲ್ಲೆ. ಆ ಸೀರೆ ಉಟ್ಟೂ ಉಟ್ಟೂ ಜೀರ್ಣವಾದ ಮೇಲೆ ಅದರ ಗತಿ ಏನೆಂದು ಕಂಡದ್ದು ಮಾತ್ರ ಛತ್ರಪತಿ ಸಂಭಾಜಿನಗರಕ್ಕೆ ಸಂಸಾರ ಹೂಡಲು ಬಂದ ಮೇಲೆ, ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ವೇರೂಳಿನಲ್ಲಿ, ಅಂದರೆ ಎಲ್ಲೋರಾದಲ್ಲಿ.

ಘೃಷ್ಣೇಶ್ವರನ ಗುಡಿಯಿಂದ ಊರೊಳಗೆ ಇಳಿಯುವ ಓಣಿಯಲ್ಲಿ ಒಂದು ಕಟ್ಟೆಯ ಮೇಲೆ ಗೋಧಡಿ ಬಿಸಿಲು ಕಾಯುತ್ತಿತ್ತು. ನಮ್ಮ ಕಡೆಯ ಕೌದಿಯೇ. ಸುತ್ತ ತರಹೇವಾರಿ ತುಂಡುಗಳು, ನಟ್ಟನಡುವೆ ಕೆಂಪು ಬಿಳಿಯ ಟೋಪು ತೆನಿ ಸೆರಗು. ಬಣ್ಣ ಅರ್ಧ ಇಳಿದಿತ್ತು, ಆದರೂ ನೋಡಿದೊಡನೆ ಗುರುತು ಹತ್ತಿತು. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ನೇಕಾರರು ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿಕೊಂಡು ನೇಯುತ್ತಾರೆ. ಬಟ್ಟೆ ಅಷ್ಟು ಸವೆದಿದ್ದರೂ ಆ ಕೊಂಡಿಗಳ ಸಾಲು ಬಿಟ್ಟುಕೊಂಡಿರಲಿಲ್ಲ. ಕಟ್ಟೆಯ ಮೇಲಿದ್ದ ಆಜಿಗೆ “ಇದು ನಮ್ಮೂರ ಕಡೆಯ ಸೀರೆ ಆಜಿ” ಅಂದೆ. “ನನ್ನ ಅತ್ತೆಯದು” ಅಂದರು ಅವರು, “ಕೂಡು ಬಾ.” ಅಲ್ಲಿಂದ ಶುರುವಾದ ಮಾತು ಈಗಲೂ ಮುಗಿದಿಲ್ಲ. ಬಿಡುವಿದ್ದಾಗ ಅಲ್ಲಿಗೆ ಹೋಗುತ್ತೇನೆ, ನನ್ನ ಹೊಲಿಗೆಯನ್ನೂ ಒಯ್ಯುತ್ತೇನೆ.

ವೇರೂಳಿಗೆ ಬರುವ ಕನ್ನಡಿಗರಿಗೆ ಕೈಲಾಸ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಲು ಹೊತ್ತಿರುವುದಿಲ್ಲ. ಅದು ತಪ್ಪೂ ಅಲ್ಲ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ, ಎಂಟನೆಯ ಶತಮಾನದ ಆ ಗುಡಿಯನ್ನು ಬೆಟ್ಟದ ನೆತ್ತಿಯಿಂದ ಕೆಳಕೆಳಗೆ ಕಡೆಯುತ್ತ ಬಂದರು. ಅದರ ಮುಂದೆ ನಿಂತಾಗ ನನಗೂ ಇದು ನಮ್ಮವರದು ಎಂಬ ಹೆಮ್ಮೆ ಉಕ್ಕುತ್ತದೆ. ಆದರೆ ನಾನು ಬಂದವರನ್ನು ಕೈಹಿಡಿದು ಕರೆದೊಯ್ಯುವುದು ಹತ್ತನೆಯ ಗುಹೆಗೆ. ಅದೊಂದು ಬೌದ್ಧ ಚೈತ್ಯ. ಚಾವಣಿಯ ಕಲ್ಲನ್ನು ಮರದ ತೊಲೆಗಳ ಹಾಗೆಯೇ ಕೆತ್ತಿದ್ದರಿಂದ ಜನ ಅದನ್ನು ಬಡಗಿಯ ಗುಡಿಸಲು ಎಂದರು. ಒಳಗೆ ಕೂತ ಬುದ್ಧನನ್ನು ವಿಶ್ವಕರ್ಮನೆಂದೇ ತಿಳಿದು ಕೈಕಸುಬಿನವರು ಕೈ ಮುಗಿದರು. ಕೈಯಲ್ಲಿ ಏನಾದರೂ ಮಾಡಬಲ್ಲವರೆಲ್ಲರ ದೇವರು ಇಲ್ಲಿದ್ದಾನೆ ಎಂಬ ನಂಬಿಕೆಗೆ ನಾನೂ ಸಂತೋಷದಿಂದ ಸೇರಿಕೊಂಡಿದ್ದೇನೆ.

ವೇರೂಳಿನ ಹನ್ನೆರಡು ಬೌದ್ಧ ಗುಹೆಗಳ ಸಣ್ಣ ಕೋಣೆಗಳಲ್ಲಿ ಇದ್ದವರು ಹೊದ್ದದ್ದೂ ತುಂಡು ಜೋಡಿಸಿದ ಬಟ್ಟೆಯನ್ನೇ. ಬುದ್ಧ ಮಗಧದ ಗದ್ದೆಗಳನ್ನು, ಅವುಗಳ ನಡುವಿನ ಬದುಗಳನ್ನು ತೋರಿಸಿ, ಭಿಕ್ಷುಗಳ ಚೀವರವನ್ನು ಹೀಗೆ ಹೊಲಿಯಬಹುದೇ ಎಂದು ಆನಂದನನ್ನು ಕೇಳಿದನೆಂದು ವಿನಯಪಿಟಕದ ಮಹಾವಗ್ಗ ಹೇಳುತ್ತದೆ. ಆನಂದ ಹಾಗೆಯೇ ಕತ್ತರಿಸಿ ಹೊಲಿದು ತಂದ. ಮಸಣದಲ್ಲಿ ಬೀದಿಯಲ್ಲಿ ಬಿದ್ದ ಚಿಂದಿಯನ್ನು ಆಯ್ದು ಹೊಲಿದುಕೊಳ್ಳುವುದು ಕೆಲವು ಭಿಕ್ಷುಗಳಿಗೆ ವ್ರತವಾಗಿತ್ತು. ಹರಿದ ಅರಿವೆಗೆ ಮರ್ಯಾದೆ ಕೊಟ್ಟ ಪರಂಪರೆ ಇದೇ ಬೆಟ್ಟದ ಹೊಟ್ಟೆಯಲ್ಲಿ ಇಷ್ಟು ಹಿಂದಿನದು ಎಂದುಕೊಂಡು ಹೊರಗೆ ಬಂದಾಗ, ಓಣಿಯ ಗೋಧಡಿಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಈ ಸೀಮೆ ನೇಯ್ಗೆಗೆ ದೊಡ್ಡ ಹೆಸರು. ದಕ್ಷಿಣಕ್ಕೆ ಗೋದಾವರಿಯ ದಂಡೆಯಲ್ಲಿ ಪೈಠಣ, ನಾಸಿಕದ ಹಾದಿಯಲ್ಲಿ ಯೇವಲೆ. ಎರಡೂ ಪೈಠಣಿಯ ಊರುಗಳು. ಸಂಭಾಜಿನಗರದಲ್ಲೇ ಹತ್ತಿ ರೇಷ್ಮೆ ಕೂಡಿಸಿ ನೇಯುವ ಹಿಮರೂ ಇದೆ. ಹದಿನಾಲ್ಕನೆಯ ಶತಮಾನದಲ್ಲಿ ಮಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ತಂದಾಗ ನೇಕಾರರೂ ಬಂದರು ಎಂಬುದು ಅಲ್ಲಿಯವರ ಹೇಳಿಕೆ. ಘೃಷ್ಣೇಶ್ವರನ ಗುಡಿಯನ್ನು ಮತ್ತೆ ಕಟ್ಟಿಸಿದ ಅಹಿಲ್ಯಾಬಾಯಿ ಹೋಳ್ಕರ್ ತನ್ನ ಮಹೇಶ್ವರದಲ್ಲಿ ನೇಕಾರರನ್ನು ನೆಲೆಗೊಳಿಸಿದವಳು. ಯೇವಲೆಯ ಮಗ್ಗದ ಮನೆಗಳಲ್ಲಿ ನಾನು ತುಂಬ ಹೊತ್ತು ಕೂತಿದ್ದೇನೆ. ಪೈಠಣಿಯ ಸೆರಗಿನಲ್ಲಿ ಲಾಳಿ ಒಂದಂಚಿನಿಂದ ಇನ್ನೊಂದಂಚಿಗೆ ಸರ್ರನೆ ಓಡುವಂತಿಲ್ಲ. ನವಿಲಿನ ಕತ್ತಿಗೊಂದು ನೂಲು, ರೆಕ್ಕೆಗೊಂದು, ತಾವರೆಗೊಂದು. ಪ್ರತಿ ಬಣ್ಣಕ್ಕೂ ಬೇರೆ ಬೇರೆ ಸಣ್ಣ ಕಡ್ಡಿಗೆ ನೂಲು ಸುತ್ತಿಕೊಂಡು, ಹಾಸಿನ ಎಳೆಗಳನ್ನು ಲೆಕ್ಕ ಹಾಕಿ ಬೆರಳಿನಿಂದ ತೂರಿಸಬೇಕು, ಪಕ್ಕದ ಬಣ್ಣಕ್ಕೆ ಕೊಂಡಿ ಹಾಕಬೇಕು. ಅದಕ್ಕೇ ಪೈಠಣಿಗೆ ಒಳಮೈ ಹೊರಮೈ ಎಂಬ ಭೇದವಿಲ್ಲ, ಎರಡೂ ಕಡೆ ಅದೇ ನವಿಲು. ಸೆರಗು ತುಂಬ ಚಿತ್ತಾರವಿದ್ದರೆ ಒಂದು ಸೀರೆಗೆ ತಿಂಗಳುಗಳು ಹಿಡಿಯುತ್ತವೆ. 2010ರಲ್ಲಿ ಪೈಠಣಿಗೆ ಭೌಗೋಳಿಕ ಗುರುತು ಸಿಕ್ಕಿತು.

ಆ ಕೆಲಸ ಕಂಡು ನನಗೂ ಮನೆಯಲ್ಲಿ ಸಣ್ಣದೊಂದು ಮಗ್ಗ ಇಟ್ಟುಕೊಳ್ಳುವ ಆಸೆ ಬಂದಿತ್ತು. ಹಲಗೆಯ ಚೌಕಟ್ಟಿನ ಮೇಲೆ ಪಟ್ಟಿ ನೇಯುವಷ್ಟು ಕಲಿತೆ, ಚೀಲದ ಹೆಗಲಪಟ್ಟಿ, ಮೇಜಿನ ಹಾಸು ಮಾಡಿದೆ. ಅದರಲ್ಲಿ ಸುಖವಿದೆ. ಆದರೆ ಮಗ್ಗ ಕೇಳುವುದು ಇಡಿಯಾದ ಹೊತ್ತನ್ನು. ಹಾಸು ಹೂಡುವುದಕ್ಕೇ ಒಂದು ದಿನ ಬೇಕು, ಹೂಡುವಾಗ ಎಳೆ ಹಿಡಿಯಲು ಇನ್ನೊಬ್ಬರು ಬೇಕು. ಹಾಗೇ ಬಿಟ್ಟು ಎದ್ದರೆ ಬಿಗಿ ಹೋಗುತ್ತದೆ, ಧೂಳು ಕೂರುತ್ತದೆ, ಮಗುವೊಂದು ಎಳೆ ಎಳೆದರೆ ಮುಗಿಯಿತು. ನೇಕಾರರ ಮನೆಯಲ್ಲಿ ಒಬ್ಬರು ಬಣ್ಣ ಹಾಕಿದರೆ ಒಬ್ಬರು ಕಂಡಿಕೆ ಸುತ್ತುತ್ತಾರೆ, ಒಬ್ಬರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಮನೆಗೆ ಮನೆಯೇ ಮಗ್ಗದ ಸುತ್ತ ತಿರುಗುತ್ತದೆ. ಅದು ಬದುಕು ನಡೆಸುವ ಕಸುಬು, ಅದಕ್ಕೆ ಹಗಲು ಪೂರ್ತಿ ಮೀಸಲು.

ಕೌದಿಗೆ ಇಂಥ ಮೀಸಲು ಹೊತ್ತು ತನ್ನ ಮನೆಗೆ ಹೊಲಿಯುವ ಯಾವ ಹೆಂಗಸಿಗೂ ಸಿಕ್ಕಿದ್ದಿಲ್ಲ. ಅನ್ನಕ್ಕೆ ಎಸರಿಟ್ಟು ಅದು ಕುದಿಯುವ ತನಕ, ನಲ್ಲಿ ನೀರು ಬರುವ ತನಕ, ಮಗು ಮಲಗಿ ಏಳುವ ತನಕ, ಸುಗ್ಗಿ ಮುಗಿದು ಮಳೆ ಬೀಳುವ ತನಕ, ಇಂಥ ಚೂರುಪಾರು ಹೊತ್ತಿನಲ್ಲೇ ಅದು ಬೆಳೆದದ್ದು. ವೇರೂಳಿನ ಕಟ್ಟೆಯ ಮೇಲೆ ಆಜಿಯ ಕೈ ನೋಡುತ್ತ ನೋಡುತ್ತ ನನಗೆ ಹೊಳೆದದ್ದೆಂದರೆ, ಕೌದಿಯ ರೂಪವೇ ಈ ಮುರಿದ ಹೊತ್ತಿನಿಂದ ಹುಟ್ಟಿದೆ ಎಂಬುದು. ಒಮ್ಮೆ ಹೊಳೆದ ಮೇಲೆ ಅದರ ಒಂದೊಂದು ಹೊಲಿಗೆಯಲ್ಲೂ ಅದಕ್ಕೆ ಸಾಕ್ಷಿ ಕಾಣತೊಡಗಿತು.

ಹೇಗೆಂದರೆ, ಮೊದಲು ಒಂದು ಗಟ್ಟಿ ಹಳೆ ಸೀರೆಯನ್ನು ನೆಲಕ್ಕೆ ಹಾಸಿ ನಾಲ್ಕು ಮೂಲೆಗೆ ಕಲ್ಲೋ ತಂಬಿಗೆಯೋ ಇಟ್ಟು ಬಿಗಿ ಮಾಡುತ್ತಾರೆ. ಅದರ ಮೇಲೆ ಪದರ ಪದರವಾಗಿ ಹಳೆ ಧೋತರ, ಲಂಗ, ಅಂಗಿ. ಕೌದಿಗೆ ಹಿಂಜಿದ ಅರಳೆ ತುಂಬುವುದಿಲ್ಲ, ಅದು ಗಾದಿಯ ಕೆಲಸ, ಬಿಲ್ಲು ಹಿಡಿದು ಬರುವ ಪಿಂಜಾರರದ್ದು. ಕೌದಿಯೆಂದರೆ ಬಟ್ಟೆಯ ಮೇಲೆ ಬಟ್ಟೆ, ಅಷ್ಟೆ. ಎಲ್ಲಕ್ಕೂ ಮೇಲೆ ಚಂದದ ತುಂಡುಗಳು. ಆಮೇಲೆ ಅಂಚಿನಿಂದ ಹೊಲಿಗೆ ಶುರು. ಮರಾಠಿಯವರು ಧಾವ್‌ದೋರಾ ಎನ್ನುವ ಓಡುಹೊಲಿಗೆ ಬಿಟ್ಟು ಬೇರೆ ಹೊಲಿಗೆ ಇಲ್ಲ. ನಾಲ್ಕೂ ಅಂಚು ಸುತ್ತಿ ಬಂದು, ಒಂದು ಬೆರಳಿನಷ್ಟು ಒಳಗೆ ಸರಿದು ಮತ್ತೆ ಸುತ್ತು, ಮತ್ತೆ ಒಳಗೆ. ಹೀಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಟ್ಟಿದಾಗ ಮುಗಿಯುತ್ತದೆ. ಹೊಲಿಯುವವಳು ಕೂರುವುದು ಆ ಕೌದಿಯ ಮೇಲೆಯೇ, ಅವಳ ಭಾರವೇ ಪದರಗಳನ್ನು ಜಾರದಂತೆ ಹಿಡಿಯುತ್ತದೆ.

ಅಂಚಿನ ಮೊದಲ ಸುತ್ತು ಮುಗಿದ ಗಳಿಗೆಯಲ್ಲೇ ಕೌದಿ ಸುಭದ್ರ. ಇನ್ನು ಅದನ್ನು ಮಡಿಚಿ ಮಂಚದ ಕೆಳಗೆ ತಳ್ಳಿ ಆರು ತಿಂಗಳು ಮರೆತರೂ ಒಂದು ಪದರ ಅಲುಗುವುದಿಲ್ಲ. ಯಾವ ಹೊಲಿಗೆಯಲ್ಲಿ ಬೇಕಾದರೂ ಸೂಜಿ ಚುಚ್ಚಿಟ್ಟು ಏಳಬಹುದು, ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಯಾರು ಬೇಕಾದರೂ ಹಿಡಿಯಬಹುದು, ಅತ್ತೆ ಬಿಟ್ಟಲ್ಲಿ ಸೊಸೆ. ಲೆಕ್ಕ ಇಟ್ಟುಕೊಳ್ಳಬೇಕಾದ ಎಳೆಯಿಲ್ಲ, ನೆನಪಿಡಬೇಕಾದ ನಕ್ಷೆಯಿಲ್ಲ. ಪಶ್ಚಿಮದ ದೇಶಗಳ ಹೊದಿಕೆಗಳಲ್ಲಿ ಎರಡು ಬಟ್ಟೆಗಳ ನಡುವೆ ಅರಳೆ ಇಡುತ್ತಾರೆ. ಪದರಗಳು ಸರಿಯದಂತೆ ಕೋಣೆ ತುಂಬುವ ಚೌಕಟ್ಟಿಗೆ ಅದನ್ನು ಬಿಗಿದು ಹೊಲಿಯುವ ರೂಢಿ ಇತ್ತು. ಅಷ್ಟು ದೊಡ್ಡ ಚೌಕಟ್ಟಿನ ಸುತ್ತ ನೆರೆಹೊರೆಯವರೆಲ್ಲ ಒಂದು ದಿನ ಸೇರಿ ಮುಗಿಸಿ ಏಳುವುದೂ ಇತ್ತು. ಆ ಕೂಟದ ಚಂದವೇ ಬೇರೆ. ನಮ್ಮವರ ಹೊತ್ತು ಬೇರೆ ತರಹ ಹರಿದುಹೋಗಿತ್ತು, ಆದ್ದರಿಂದ ಹೊಲಿಗೆಯೂ ಬೇರೆ ತರಹ ಬಂತು.

ಹಳೆ ಹತ್ತಿಯೇ ಏಕೆ ಬೇಕೆಂದು ಹೊಸದಾಗಿ ಹೊಲಿಯುವವರು ನನ್ನನ್ನು ಕೇಳುತ್ತಾರೆ. ಬಡತನ ಒಂದು ಕಾರಣ ಹೌದು, ಅದನ್ನು ಮರೆಮಾಚಿ ಚಂದದ ಮಾತು ಆಡಬಾರದು. ಜೊತೆಗೆ ಕೈಗೆ ಗೊತ್ತಿರುವ ಕಾರಣಗಳೂ ಇವೆ. ವರ್ಷಗಟ್ಟಲೆ ಒಗೆದ ಬಟ್ಟೆಯಲ್ಲಿ ಗಂಜಿ ಉಳಿದಿರುವುದಿಲ್ಲ, ಆರೇಳು ಪದರವಿದ್ದರೂ ಸೂಜಿ ಸಲೀಸಾಗಿ ಇಳಿಯುತ್ತದೆ. ಕುಗ್ಗಬೇಕಾದದ್ದೆಲ್ಲ ಆಗಲೇ ಕುಗ್ಗಿರುತ್ತದೆ. ಹೊಸದನ್ನೂ ಹಳೆಯದನ್ನೂ ಬೆರೆಸಿ ಹೊಲಿದರೆ ಮೊದಲ ಒಗೆತಕ್ಕೇ ಹೊಸದು ಎಳೆದುಕೊಂಡು ಕೌದಿಯೆಲ್ಲ ಸೊಟ್ಟಗಾಗುತ್ತದೆ. ಹುಟ್ಟಿದ ಕೂಸಿಗೆ ಅಜ್ಜಿಯ ಸೀರೆಯ ಕೌದಿ ಹೊದಿಸುವುದರ ಹಿಂದೆ ಮಮತೆಯೂ ಇದೆ, ಎಳೆ ಚರ್ಮಕ್ಕೆ ಅಷ್ಟು ಮೆದುವಾದದ್ದು ಮನೆಯಲ್ಲಿ ಇನ್ನೊಂದಿಲ್ಲ ಎಂಬ ತಿಳಿವಳಿಕೆಯೂ ಇದೆ. ನಮ್ಮ ಮನೆಯಲ್ಲಿ ಕೊನೆಯ ಹೊಲಿಗೆ ಮುಚ್ಚುವ ಮುಂಚೆ ಒಳಗೆ ರೊಟ್ಟಿಯ ಚೂರೊಂದನ್ನು ಇಡುತ್ತಿದ್ದರು. “ಕೌದಿ ಹಸಕೊಂಡು ಇರಬಾರದವ್ವ, ಹೊದ್ದವರ ಹೊಟ್ಟಿ ತಣ್ಣಗಿರಬೇಕು” ಅನ್ನುತ್ತಿದ್ದಳು ಅವ್ವ. ಇದನ್ನು ಹೇಳಿದಾಗ ವೇರೂಳಿನ ಆಜಿ ಏನೂ ಮಾತಾಡದೆ ಒಳಗೆ ಹೋಗಿ ಜೋಳದ ಭಾಕರಿಯ ಚೂರು ತಂದು ತಮ್ಮ ಗೋಧಡಿಯಲ್ಲಿಟ್ಟು ಹೊಲಿದರು.

ವೇರೂಳಿನಿಂದ ಸ್ವಲ್ಪ ದೂರದಲ್ಲೇ ಖುಲ್ತಾಬಾದ್. ಔರಂಗಜೇಬನ ಗೋರಿ ಅಲ್ಲಿದೆ. ತಾನು ಟೋಪಿ ಹೊಲಿದು ಗಳಿಸಿದ ನಾಲ್ಕು ರೂಪಾಯಿ ಎರಡಾಣೆಯಲ್ಲಿ ತನ್ನ ಕಫನಿನ ಖರ್ಚು ನಡೆಯಲಿ ಎಂಬ ಮಾತು ಅವನ ಉಯಿಲೆಂದು ಹೇಳುವ ಬರಹವೊಂದರಲ್ಲಿ ಬರುತ್ತದೆ. ಅವನ ಆಳ್ವಿಕೆಯ ವಾದವಿವಾದಗಳು ಇಲ್ಲಿ ಬೇಡ. ನನ್ನ ಮನಸ್ಸಿಗೆ ನಾಟಿದ್ದು ಬೇರೆ. ಒಬ್ಬ ಬಾದಶಹ ಬಿಡುವಿನಲ್ಲಿ ಹೊಲಿದದ್ದಕ್ಕೆ ಆಣೆಯ ಲೆಕ್ಕ ಸಮೇತ ಮುನ್ನೂರು ವರ್ಷದ ನೆನಪು ಉಳಿಯಿತು. ಅದೇ ಊರುಗಳಲ್ಲಿ ಅದೇ ಕಾಲದಲ್ಲಿ ಕೌದಿ ಹೊಲಿದ ಅಷ್ಟೂ ಹೆಂಗಸರಲ್ಲಿ ಒಬ್ಬಳ ಹೆಸರೂ ಎಲ್ಲೂ ಬರೆದಿಲ್ಲ. ಅವರ ಕೌದಿಗಳೂ ಉಳಿದಿಲ್ಲ, ಯಾಕೆಂದರೆ ಕೌದಿ ಹರಿದರೆ ಅದು ಮುಂದಿನ ಕೌದಿಯ ಒಳಪದರವಾಗುತ್ತದೆ.

ಖುಲ್ತಾಬಾದಿನಲ್ಲಿ ಇನ್ನೊಂದು ಗೋರಿಯಿದೆ, ಮಲಿಕ್ ಅಂಬರನದು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖ್ಖನಿಗೆ ಬಂದು, ಅಹಮದ್‌ನಗರದ ನಿಜಾಮಶಾಹಿಯ ಚುಕ್ಕಾಣಿ ಹಿಡಿದವನು. 1610ರಲ್ಲಿ ಖಡ್ಕಿ ಎಂಬ ಊರು ಕಟ್ಟಿಸಿದ, ಅದೇ ಇಂದಿನ ಸಂಭಾಜಿನಗರ. 1626ರಲ್ಲಿ ತೀರಿಕೊಂಡ. ಆ ಗೋರಿಯ ಮುಂದೆ ನಿಂತರೆ ನನಗೆ ನೆನಪಾಗುವುದು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು. ಅವರು ಬಂದ ದಾರಿ ಬೇರೆ. ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರು ಅವರಲ್ಲಿ ಬಹಳ. ಕಡಲಾಚೆಯಿಂದ ಮನುಷ್ಯರನ್ನು ತಂದು ಮಾರಿದ ಕ್ರೌರ್ಯ ಮಾತ್ರ ಇಬ್ಬರಿಗೂ ಒಂದೇ. ಸಿದ್ದಿ ಹೆಂಗಸರು ಹೊಲಿಯುವ ಕವಂದ ಕೂಡ ಅಂಚಿನಿಂದ ನಡುವಿಗೆ ಸುತ್ತುತ್ತ ಬರುವಂಥದ್ದು. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ‘ಫೂಲ’ ಇಡುತ್ತಾರೆ. ಫೂಲ ಇಲ್ಲದ ಕವಂದ ಅವರ ಕಣ್ಣಿಗೆ ಬೆತ್ತಲೆ. ಅವರ ಬಣ್ಣಗಳ ಧೈರ್ಯ ನನಗೆ ಇನ್ನೂ ಬಂದಿಲ್ಲ, ಹಳದಿಯ ಪಕ್ಕಕ್ಕೆ ಅಚ್ಚ ನೇರಳೆಯಿಟ್ಟು ಅದರ ಮೇಲೊಂದು ಕೆಂಪು ಪಟ್ಟಿ ಎಳೆದುಬಿಡುತ್ತಾರೆ! 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಮೊದಲಾದವರ ನೆರವಿನಿಂದ ಅವರಲ್ಲಿ ಒಂದು ಸಹಕಾರಿ ಕೂಟ ಹುಟ್ಟಿತು. 2011ರಲ್ಲಿ ಕವಂದಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ಮಾರಾಟದಿಂದ ನಾಲ್ಕು ಕಾಸು ಮನೆಗೆ ಬರುವುದು ಒಳ್ಳೆಯದೇ, ಬರಲೇಬೇಕು. ಉತ್ತರ ಕರ್ನಾಟಕದಲ್ಲಿ ಗೊಂದಳಿ ಹೆಣ್ಣುಮಕ್ಕಳು ಮನೆಮನೆಯ ಅರಿವೆ ಇಸಿದುಕೊಂಡು ಕೂಲಿಗೆ ಕೌದಿ ಹೊಲಿದುಕೊಡುತ್ತಾರೆ. ಅವರ ಕೂಲಿ ಹೊಲಿಗೆಯ ಬಿಗಿಗೆ ತಕ್ಕಷ್ಟು ಏರಲಿ ಎಂದು ನಾನು ಬಯಸುತ್ತೇನೆ. ಆದರೂ ಯಾರಿಗೂ ಮಾರಲಿಕ್ಕಿಲ್ಲದ ಕೌದಿಯಲ್ಲಿ ಒಂದು ಸ್ವಾತಂತ್ರ್ಯವಿದೆ. ಹಸಿರು ಮುಗಿದರೆ ನೀಲಿ, ಹೊಲಿಗೆ ಸೊಟ್ಟಗೆ ಹೋದರೆ ಮುಂದಿನ ಸುತ್ತೂ ಅದರ ಜೊತೆಗೇ ಸೊಟ್ಟ. ಹೀಗೇಕೆ ಎಂದು ಕೇಳುವ ಗಿರಾಕಿ ಇಲ್ಲ. ಇಡೀ ದಿನ ಬೇರೆಯವರ ಹಸಿವಿಗೆ, ಬೇರೆಯವರ ಗಡಿಯಾರಕ್ಕೆ ದುಡಿಯುವವಳಿಗೆ ತನ್ನಿಚ್ಛೆಯಂತೆ ನಡೆಯುವ ಜಾಗ ಇದೊಂದೇ ಇದ್ದಿರಬಹುದು.

ಗೋಧಡಿಗಳು ಪ್ರವಾಸವನ್ನೂ ಮಾಡುತ್ತವೆ. ದೀಪಾವಳಿಯ ಹೊತ್ತಿಗೆ ಬೀಡ ಜಿಲ್ಲೆಯಿಂದ, ಸಂಭಾಜಿನಗರದ ಹಳ್ಳಿಗಳಿಂದಲೂ ಕಬ್ಬು ಕಡಿಯುವವರು ಗುಳೆ ಏಳುತ್ತಾರೆ. ಗಂಡ ಹೆಂಡತಿ ಇಬ್ಬರೂ ಸೇರಿ ಗುತ್ತಿಗೆದಾರನ ಲೆಕ್ಕದಲ್ಲಿ ಒಂದು ‘ಕೋಯ್ತಾ’, ಅಂದರೆ ಒಂದು ಕುಡುಗೋಲು. ಕೆಲವರು ಪಶ್ಚಿಮ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳಿಗೆ, ಕೆಲವರು ಗಡಿ ದಾಟಿ ಬೆಳಗಾವಿ, ಬಾಗಲಕೋಟೆಗೆ. ಐದಾರು ತಿಂಗಳು ಗುಡಿಸಲೇ ಮನೆ. ಟ್ರ್ಯಾಕ್ಟರಿನ ಮೇಲೆ ಪಾತ್ರೆ, ಕೋಳಿ, ಮಕ್ಕಳ ಜೊತೆಗೆ ಗೋಧಡಿಯ ಗಂಟುಗಳೂ ಏರುತ್ತವೆ. ಇಳಕಲ್ಲಿನಲ್ಲಿ ನೆಯ್ದ ಸೀರೆ ಮರಾಠವಾಡೆಗೆ ಹೋಗಿ, ಒಬ್ಬಳ ಮೈಮೇಲೆ ಸವೆದು, ಗೋಧಡಿಯಾಗಿ ಮತ್ತೆ ಮುಧೋಳದ ಕಬ್ಬಿನ ಗದ್ದೆಯ ಬದುವಿಗೆ ಬಂದು ಹಾಸಿಕೊಂಡಿರಬಹುದು. ಊರಿಗೆ ಹೋದಾಗ ಆ ಗುಡಿಸಲುಗಳ ಮುಂದೆ ಒಣಹಾಕಿದ ಗೋಧಡಿಗಳನ್ನು ಬಸ್ಸಿನ ಕಿಟಕಿಯಿಂದಲೇ ಹುಡುಕುತ್ತೇನೆ. ಡಿಸೆಂಬರಿನ ಇಬ್ಬನಿಯಲ್ಲಿ ಆ ಮಕ್ಕಳಿಗೆ ಅದೊಂದೇ ಆಸರೆ ಎನ್ನುವಾಗ, ಬಿಡುವಿನ ಹವ್ಯಾಸ ಎಂಬ ಮಾತು ಬಾಯಿಗೆ ಬರುವುದಿಲ್ಲ.

ಈಗಿನ ದೊಡ್ಡ ಕಷ್ಟವೆಂದರೆ ಬಟ್ಟೆಯದು. ಹತ್ತಿಯ ಲುಗಡೆ ಉಡುವವರು ಕಡಿಮೆಯಾದರು, ಗಂಟಿನಲ್ಲಿ ಸಿಗುವುದೆಲ್ಲ ಪಾಲಿಯೆಸ್ಟರ್. ಅದು ಸವೆಯುವುದಿಲ್ಲ, ಬೆವರು ಹೀರುವುದಿಲ್ಲ, ಹೊಲಿಯುವಾಗ ಜಾರುತ್ತದೆ, ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಮುಂದೆ ಮಲಗುವವರಿಗೆ ಅದು ನಿಜವಾದ ಅಪಾಯ. ಆಜಿ ಅದನ್ನೂ ಎಸೆಯುವುದಿಲ್ಲ, ಹೊಟ್ಟೆಯೊಳಗಿನ ಪದರಕ್ಕೆ ಹಾಕಿ ಮೇಲೆ ಕೆಳಗೆ ಹತ್ತಿ ಮುಚ್ಚುತ್ತಾರೆ, ಸುತ್ತಿನಿಂದ ಸುತ್ತಿಗೆ ಅಂತರ ಕಡಿಮೆ ಮಾಡಿ ಬಿಗಿಯುತ್ತಾರೆ. ನಾನೂ ಹಾಗೆಯೇ ಕಲಿತೆ.

ಭಾನುವಾರ ಮಧ್ಯಾಹ್ನ ನಮ್ಮ ವಠಾರದಲ್ಲಿ ಕೆಲವರು ಸೇರುತ್ತೇವೆ. ಬ್ಯಾಂಕಿನವರೊಬ್ಬರು, ವಾಳೂಜದ ಕಾರ್ಖಾನೆಗೆ ಹೋಗುವ ಹುಡುಗಿ, ನಿವೃತ್ತ ಶಿಕ್ಷಕಿ. ಖಣದ ಚೂರುಗಳನ್ನು ನಾನು ಗುಳೇದಗುಡ್ಡದಿಂದ ತರುತ್ತೇನೆ, ಮೂಲೆಗಳಿಗೆ ಫೂಲ ಮಡಿಚಲು ಅದರಷ್ಟು ಒಪ್ಪುವ ಬಟ್ಟೆ ಇನ್ನೊಂದಿಲ್ಲ. ಹೋದ ಸಲ ಶಿಕ್ಷಕಿ ತಮ್ಮ ಅತ್ತೆಯ ಪೈಠಣಿ ಹಿಡಿದು ಬಂದರು. ಮಡಿಕೆ ಮಡಿಕೆಗೂ ಸೀಳಿತ್ತು, ಸೆರಗಿನ ನವಿಲುಗಳು ಮಾತ್ರ ಹಾಗೇ ಇದ್ದವು. “ತಾಯಿ, ಇದನ್ನ ಗೋಧಡಿಗೆ ಹಾಕಬಹುದಾ?” ಬ್ಯಾಂಕಿನವರು ಬೇಡವೇ ಬೇಡ ಎಂದರು, ಗಾಜು ಹಾಕಿಸಿ ಗೋಡೆಗೆ ತೂಗುಹಾಕಿ ಎಂದರು. ನನ್ನ ಮನಸ್ಸು ಒಪ್ಪಲಿಲ್ಲ. ಅತ್ತೆ ಅದನ್ನು ಉಟ್ಟವರು, ಮೊಮ್ಮಗಳು ಹೊದೆಯಲಿ. ಜರಿಯ ಅಂಚು ಮೈಗೆ ಚುಚ್ಚುತ್ತದೆ, ಅದನ್ನು ಬಿಡಿಸಿ ಬೇರೆ ಇಡೋಣ. ರೇಷ್ಮೆಗೆ ಒಳಗಿನಿಂದ ಮೆದು ಧೋತರದ ಆಸರೆ ಕೊಡೋಣ. ಎರಡೂ ಮೈ ಒಂದೇ ಇರುವುದರಿಂದ ಹರಿದ ಕಡೆ ತಿರುವಿ ಹಾಕಿಕೊಳ್ಳುವ ಅನುಕೂಲವೂ ಇದೆ. ಹೊಲಿಯುವ ಮುಂಚೆ ಒಂದು ಮೂಲೆಯನ್ನು ತಣ್ಣೀರಿನಲ್ಲಿ ಅದ್ದಿ ನೋಡಬೇಕು, ಬಣ್ಣ ಬಿಟ್ಟರೆ ಬಿಳಿ ಧೋತರದ ಬದಲು ಆಜಿಯ ಕಪ್ಪು ಲುಗಡೆಯನ್ನು ಕೇಳಿ ತರಬೇಕು. ಬರುವ ಭಾನುವಾರ ನೀರಿಗೆ ಹಾಕುತ್ತೇವೆ.